ದ್ವೇಷದ ಮಾತನ್ನು ತೂಗುವುದು ಹೇಗೆ: ಶಾಂತಿ ಸಭೆಗೆ ಹೋಗುವ ಮುನ್ನ

ಗಣೇಶ ಚತುರ್ಥಿ, ಈದ್ ಮಿಲಾದ್ ಹತ್ತಿರ ಬಂದರೆ ವಿಜಯಪುರ, ಬೆಳಗಾವಿಯ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆ ಕರೆಯುತ್ತಾರೆ. ಅಲ್ಲಿ ಯಾರಾದರೊಬ್ಬರು ಮೊಬೈಲ್ ಎತ್ತಿ ಹಿಡಿದು ‘ಇದನ್ನ ನೋಡ್ರಿ ಸಾಹೇಬ್ರ, ಕೇಸ್ ಹಾಕ್ರಿ’ ಅನ್ನುತ್ತಾರೆ. ಆ ಅರ್ಧ ನಿಮಿಷದ ವಿಡಿಯೊದಲ್ಲಿರುವುದು ಅಪರಾಧವೇ, ಬರೀ ಕೆಟ್ಟ ಮಾತೇ, ಇಲ್ಲಾ ಕಹಿಯಾದರೂ ಆಡಲು ಹಕ್ಕಿರುವ ಮಾತೇ? ಇದನ್ನು ತೂಗಲು ವಿಶ್ವಸಂಸ್ಥೆಯಲ್ಲಿ ವರ್ಷಗಟ್ಟಲೆ ನಡೆದ ಜಗ್ಗಾಟದಿಂದ ಹುಟ್ಟಿದ ಒಂದು ತಕ್ಕಡಿ ಇದೆ. ಸಮಿತಿ ಸದಸ್ಯರಿಗೂ ತಾಲೂಕು ವರದಿಗಾರರಿಗೂ ಕಾಲೇಜು ಅಧ್ಯಾಪಕರಿಗೂ ಅದು ಬಳಕೆಗೆ ಬರುತ್ತದೆ.

ಮೊದಲು ತೀರ್ಮಾನವಾಗಬೇಕಾದದ್ದು ರಕ್ಷಣೆ ಯಾರಿಗೆ ಎಂಬುದು. 1999ರಿಂದ ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆಯ ಪರವಾಗಿ ಪಾಕಿಸ್ತಾನ ‘ಧರ್ಮನಿಂದನೆ’ ತಡೆಯುವ ನಿರ್ಣಯಗಳನ್ನು ವಿಶ್ವಸಂಸ್ಥೆಯಲ್ಲಿ ತರುತ್ತ ಬಂತು. ಧರ್ಮಕ್ಕೇ ಮಾನನಷ್ಟದ ರಕ್ಷಣೆ ಕೊಟ್ಟರೆ ಟೀಕೆಗೆ ಜಾಗ ಉಳಿಯದು ಎಂದು ಅಮೆರಿಕ, ಯುರೋಪಿನ ದೇಶಗಳು ವಿರೋಧಿಸಿದವು. 2011ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 16/18ನೇ ನಿರ್ಣಯವನ್ನು ಮತಕ್ಕೆ ಹಾಕದೆ ಒಮ್ಮತದಿಂದ ಒಪ್ಪಿತು. ರಕ್ಷಣೆ ಧರ್ಮದಿಂದ ಮನುಷ್ಯರ ಕಡೆಗೆ ತಿರುಗಿದ್ದು ಅಲ್ಲಿ. ಶಿಕ್ಷಾರ್ಹ ಮಾಡಿ ಎಂದು ಅದು ಹೇಳಿದ್ದು, ಧರ್ಮ ಅಥವಾ ನಂಬಿಕೆಯ ಕಾರಣಕ್ಕೆ ಕೂಡಲೇ ಹಿಂಸೆ ನಡೆಸಲು ಕೊಡುವ ಕುಮ್ಮಕ್ಕನ್ನು. 2012ರಲ್ಲಿ ಮೊರಾಕ್ಕೊದ ರಬಾತ್‌ನಲ್ಲಿ ತಜ್ಞರು, ಒಂದು ಮಾತು ಶಿಕ್ಷಾರ್ಹ ಕುಮ್ಮಕ್ಕೇ ಎಂದು ತೂಗಲು ಆರು ಅಂಶಗಳ ಪರೀಕ್ಷೆ ಸಿದ್ಧಪಡಿಸಿದರು. ನಮ್ಮ ತಕ್ಕಡಿ ಅದೇ. ಜಗಳ ಮುಗಿದಿಲ್ಲ: 2023ರ ಜುಲೈನಲ್ಲಿ ಅದೇ ಮಂಡಳಿಯಲ್ಲಿ ಕುರಾನ್ ಸುಡುವಿಕೆ ಖಂಡಿಸುವ ನಿರ್ಣಯಕ್ಕೆ 28 ದೇಶಗಳು ಪರ, 12 ವಿರೋಧ, 7 ತಟಸ್ಥ. ಭಾರತ ಪರವಾಗಿತ್ತು. 2025ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ದ್ವೇಷ ಭಾಷಣ ತಡೆ ಮಸೂದೆ ಮಂಡನೆಯಾದಾಗ ಎದ್ದ ವಾಗ್ವಾದದ ಬೇರೂ ಇದೇ ಪ್ರಶ್ನೆಯಲ್ಲಿದೆ.

ಈಗ ವಿಡಿಯೊಗೆ ಬನ್ನಿ. ತೂಗುವ ಮೊದಲು ಅದನ್ನು ಕಾಪಾಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಆದ ವಿಡಿಯೊ ಕುಗ್ಗಿರುತ್ತದೆ, ಚಿತ್ರೀಕರಿಸಿದ ಸಮಯದ ಮಾಹಿತಿಯೂ ಕಳೆದಿರುತ್ತದೆ. ಆದ್ದರಿಂದ ಸಾಧ್ಯವಾದರೆ ಚಿತ್ರೀಕರಿಸಿದವರ ಫೋನಿನಿಂದಲೇ ಪೂರ್ತಿ ಫೈಲನ್ನು ‘ಡಾಕ್ಯುಮೆಂಟ್’ ಆಗಿ ತರಿಸಿಕೊಳ್ಳಿ. ಲಿಂಕ್, ಖಾತೆಯ ಹೆಸರು, ದಿನಾಂಕ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ನ್ಯಾಯಾಲಯಕ್ಕೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು, ನಮೂದಿಸಬೇಕು. ಫೈಲನ್ನು ತುಂಡು ಮಾಡಿದರೆ ಆ ಮೌಲ್ಯ ಬದಲಾಗುತ್ತದೆ. ‘ಎಲ್ಲರಿಗೂ ಮುಟ್ಟಿಸಿ’ ಎಂದು ನೀವೇ ಹಂಚಬೇಡಿ. ಹಂಚಿದವರ ಮೇಲೂ ಪ್ರಕರಣ ಬರಬಹುದು.

ಆಮೇಲೆ ಮಾತನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಳ್ಳಿ, ಆಡಿದ ಭಾಷೆಯಲ್ಲೇ. ಹೆಚ್ಚು ಎಡವಟ್ಟು ಆಗುವುದು ಇಲ್ಲಿ. ಒಬ್ಬ ಭಾಷಣಕಾರ ‘ಆ ಮಂದಿ ನಾಳೆ ಸಂತಿಗೆ ಬಂದ್ರ ಬಿಡಬ್ಯಾಡ್ರಿ’ ಅಂದ ಎಂದುಕೊಳ್ಳಿ. ನಮ್ಮ ಕಡೆ ‘ಬಿಡಬ್ಯಾಡ್ರಿ’ಗೆ ಎರಡು ಅರ್ಥ: ಒಳಗೆ ಬಿಡಬೇಡಿ, ಇಲ್ಲವೇ ಸುಮ್ಮನೆ ಬಿಡಬೇಡಿ. ಮೊದಲನೆಯದು ಬಹಿಷ್ಕಾರ, ಎರಡನೆಯದು ಹೊಡೆತಕ್ಕೆ ಕರೆ. ತಿದ್ದಿದ ಗ್ರಾಂಥಿಕ ಕನ್ನಡದಲ್ಲಿ ಒಂದೇ ಅರ್ಥ ಬರೆದುಬಿಟ್ಟರೆ, ತೀರ್ಪು ನಿಮ್ಮ ಕೈಯಲ್ಲೇ ಆಗಿಹೋಯಿತು. ಹಿಂದಿನ ಎರಡು, ಮುಂದಿನ ಎರಡು ವಾಕ್ಯ, ಜನರ ಕೂಗು, ಕೈಸನ್ನೆ ಎಲ್ಲವನ್ನೂ ಬರೆಯಿರಿ. ಬೆಳಗಾವಿಯಲ್ಲಿ ಮರಾಠಿ, ಉರ್ದು ಮಾತಾದರೆ ಮೊದಲು ಮೂಲ, ಪಕ್ಕದಲ್ಲಿ ಅನುವಾದ. ಅನುವಾದವನ್ನು ಆ ಭಾಷೆ ಮನೆಮಾತಾಗಿರುವ ಇನ್ನೊಬ್ಬರಿಗೆ ತೋರಿಸಿ.

ಈಗ ರಬಾತ್ ಪರೀಕ್ಷೆಯ ಆರು ಪ್ರಶ್ನೆ. ಸಂದರ್ಭ ಏನು? ಅದೇ ಮಾತು ಜೂನ್‌ನಲ್ಲಿ ಖಾಲಿ ಸಭಾಭವನದಲ್ಲಿ ಒಂದು ತೂಕ, ನವೆಂಬರ್ 1ರ ಮೆರವಣಿಗೆಯ ನಡುವೆ ಇನ್ನೊಂದು ತೂಕ. ಆಡಿದವರು ಯಾರು, ಅವರ ಮಾತಿಗೆ ಮಂದಿ ಎದ್ದು ನಡೆಯುತ್ತಾರೆಯೇ? ಉದ್ದೇಶ ಏನಿತ್ತು? ಅಜಾಗರೂಕತೆ ಸಾಲದು, ಜನರನ್ನು ಎತ್ತಿಕಟ್ಟುವ ಇರಾದೆ ಕಾಣಬೇಕು. ಮಾತಿನ ಹುರುಳು, ರೂಪ ಎಂಥದು: ನೇರ ಕರೆಯೇ, ವಾದವೇ, ವಿಡಂಬನೆಯೇ? ಎಷ್ಟು ಮಂದಿಗೆ ತಲುಪಿತು? ಇಲ್ಲಿ ವೀಕ್ಷಣೆಯ ಸಂಖ್ಯೆಗೆ ಮರುಳಾಗಬೇಡಿ. ಲಕ್ಷ ಮಂದಿ ನೋಡಿದ ಬೈಗುಳಕ್ಕಿಂತ ಸಂತೆಯ ಹಿಂದಿನ ರಾತ್ರಿ ಅದೇ ಓಣಿಯ ಇನ್ನೂರು ಹುಡುಗರ ಗುಂಪಿಗೆ ಬಂದ ಧ್ವನಿಸಂದೇಶ ಅಪಾಯ.

ಆರನೆಯದು, ಹಾನಿಯ ಸಂಭವ. ಸಭೆಗಳು ಇದನ್ನು ತಲೆಕೆಳಗೆ ಹಿಡಿಯುತ್ತವೆ. ‘ನಮ್ಮ ಮಂದಿ ರೊಚ್ಚಿಗೆದ್ದಾರ, ಗಲಾಟೆ ಆಗ್ತದ’ ಎಂಬುದನ್ನೇ ಪುರಾವೆಯಾಗಿ ಇಡುತ್ತಾರೆ. ಪರೀಕ್ಷೆ ಕೇಳುವುದು ಅದನ್ನಲ್ಲ. ಭಾಷಣ ಕೇಳಿದವರು, ಯಾರ ವಿರುದ್ಧ ಭಾಷಣ ನಡೆಯಿತೋ ಅವರ ಮೇಲೆ ಬೀಳುವ ಸಂಭವ ಇದೆಯೇ, ಅದೂ ಸದ್ಯದಲ್ಲೇ? ನೊಂದವರ ಸಿಟ್ಟೇ ಅಳತೆಗೋಲಾದರೆ ಹೆಚ್ಚು ಕಲ್ಲು ಕೈಗೆತ್ತಿಕೊಂಡವರೇ ಯಾರು ಏನು ಮಾತಾಡಬೇಕೆಂದು ನಿರ್ಧರಿಸುತ್ತಾರೆ. ‘ಈ ಆಚರಣೆ ಎಲ್ಲಾ ಸುಳ್ಳದ, ರೊಕ್ಕ ಹೊಡಿಯೂ ದಂಧೆ ಅದ’ ಎಂಬ ಮಾತು ಎಷ್ಟು ಉರಿ ಎಬ್ಬಿಸಿದರೂ ಈ ಪ್ರಶ್ನೆ ದಾಟುವುದಿಲ್ಲ. ಬಸವನಬಾಗೇವಾಡಿ, ಕೂಡಲಸಂಗಮಗಳ ನೆಲದಲ್ಲಿ 12ನೇ ಶತಮಾನದಲ್ಲೇ ಪೂಜೆ, ಆಚಾರ, ಜಾತಿಯ ಬಗ್ಗೆ ಇದಕ್ಕಿಂತ ಖಾರವಾದ ಮಾತು ಕೇಳಿಬಂದಿವೆ. ಸುಪ್ರೀಂ ಕೋರ್ಟ್ ಕೂಡ 2025ರ ಮಾರ್ಚ್‌ನಲ್ಲಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಗಳ ಮಟ್ಟದಿಂದ ಅಳೆಯಬೇಕು, ಟೀಕೆಯಲ್ಲೆಲ್ಲ ಅಪಾಯ ಕಾಣುವ ಅಳ್ಳೆದೆಯವರಿಂದ ಅಲ್ಲ ಎಂದಿದೆ.

ಆರೂ ಪ್ರಶ್ನೆ ದಾಟಿದರೆ ಮಾತ್ರ ಕ್ರಿಮಿನಲ್ ದೂರು. ಧರ್ಮ, ಜಾತಿ, ಭಾಷೆ, ಜನ್ಮಸ್ಥಳದ ಹೆಸರಲ್ಲಿ ವೈರ ಬಿತ್ತಿದರೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ. ಮೂರು ವರ್ಷದವರೆಗೆ, ಪೂಜಾಸ್ಥಳದಲ್ಲಾದರೆ ಐದು ವರ್ಷದವರೆಗೆ ಶಿಕ್ಷೆ. ಬೆಳಗಾವಿಯವರು ಒಂದು ವ್ಯತ್ಯಾಸ ಗಮನಿಸಬೇಕು: ಭಾರತ 1979ರಲ್ಲಿ ಸೇರಿದ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 20ನೇ ವಿಧಿ ರಾಷ್ಟ್ರೀಯತೆ, ಜನಾಂಗ, ಧರ್ಮದ ದ್ವೇಷವನ್ನು ಹೆಸರಿಸುತ್ತದೆ, ಭಾಷೆಯನ್ನು ಹೆಸರಿಸುವುದಿಲ್ಲ, ನಮ್ಮ 196 ಹೆಸರಿಸುತ್ತದೆ. ಧರ್ಮವನ್ನು ದುರುದ್ದೇಶದಿಂದ ಅವಮಾನಿಸುವುದಕ್ಕೆ 299ನೇ ಕಲಂ ಇನ್ನೂ ಇದೆ. ಅಲ್ಲಿ ನಮ್ಮ ಕಾನೂನು 16/18ರಷ್ಟು ದೂರ ಬಂದಿಲ್ಲ.

ದೂರಿನಲ್ಲಿ ‘ಭಾವನೆಗೆ ಧಕ್ಕೆ ಆಗಿದೆ’ ಎಂದಷ್ಟೇ ಬರೆಯಬೇಡಿ. ಯಾವ ನಿಮಿಷದಲ್ಲಿ ಯಾವ ಮಾತು, ಯಾರ ವಿರುದ್ಧ, ಯಾವ ಕೃತ್ಯಕ್ಕೆ ಕರೆ ಎಂದು ಬರೆಯಿರಿ. ಡಿವೈಎಸ್ಪಿ ಅನುಮತಿಯಿಂದ ಪೊಲೀಸರು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಅದನ್ನು ವಿಳಂಬ ಎಂದು ಜಗಳ ಕಾಯಬೇಡಿ, ಇಂಥ ಪ್ರಕರಣದಲ್ಲಿ ಅದೇ ಸೂಕ್ತ ಎಂದು ಪ್ರತಾಪಗಢಿ ಪ್ರಕರಣದ ತೀರ್ಪು ಹೇಳಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಲಿಖಿತವಾಗಿ ಎಸ್ಪಿಗೆ ಕಳಿಸಿ. 196, 299ರಲ್ಲಿ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು.

ಪರೀಕ್ಷೆ ದಾಟದ ಮಾತಿಗೂ ಮಾಡುವ ಕೆಲಸವಿದೆ. ಮಾತಾಡಿದವರ ಸಮುದಾಯದ ಹಿರಿಯರೇ ಅಂದೇ ಸಂಜೆ ಅದೇ ಗುಂಪಿನಲ್ಲಿ ‘ಈ ಮಾತು ನಮ್ಮದಲ್ಲ’ ಎಂದು ಧ್ವನಿಸಂದೇಶ ಹಾಕಲಿ. ನಾಯಕರು ಅಸಹಿಷ್ಣುತೆಯ ವಿರುದ್ಧ ಬಾಯಿಬಿಟ್ಟು ಮಾತಾಡಬೇಕೆಂದು 16/18 ಕೇಳುವುದೂ ಇದನ್ನೇ. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟರೆ ಅದು ಆ ಹುಡುಗರ ಫೋನಿಗೆ ತಲುಪುವುದಿಲ್ಲ. ಸಂತೆಯ ದಿನ, ಮಾತಿಗೆ ಗುರಿಯಾದವರ ಅಂಗಡಿಗಳ ಸಾಲಿನಲ್ಲಿ ಎರಡೂ ಕಡೆಯ ನಾಲ್ಕು ಮಂದಿ ಬೆಳಗ್ಗೆಯಿಂದಲೇ ನಿಂತಿರಲಿ.