ಒಂದೇ ಕಂಪ್ಯೂಟರು, ಎರಡು ವ್ಯವಸ್ಥೆ: ಮನೆಯಲ್ಲಿ ಮಿಂಟ್ ಹಾಕಿದ ನನ್ನ ಅನುಭವ

ಶಿರಸಿ ಪೇಟೆಯಿಂದ ಒಳಗಿರುವ ನಮ್ಮ ಮನೆಯ ಕಂಪ್ಯೂಟರು 2017ರದ್ದು. ಏಳನೇ ತಲೆಮಾರಿನ ಐ3, 4 ಜಿಬಿ ರ್‍ಯಾಮ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಅಟ್ಟಕ್ಕೆ ಹಾಕಲು ನನಗೆ ಮನಸ್ಸಾಗಲಿಲ್ಲ. ಹಾಗಂತ ವಿಂಡೋಸ್ ಅಳಿಸುವಂತೆಯೂ ಇರಲಿಲ್ಲ, ಅಪ್ಪನ ತೋಟದ ಲೆಕ್ಕವೆಲ್ಲ ವಿಂಡೋಸಿನಲ್ಲಿ ನಡೆಯುವ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದದ್ದು. ವಿಂಡೋಸ್ ಪಕ್ಕದಲ್ಲೇ, ಅದರಂತೆಯೇ ಕಂಪ್ಯೂಟರು ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕುವುದೆಂದು ತೀರ್ಮಾನಿಸಿದೆ.

ಅಪ್ಪ ಹೇಳಿದ್ದು ಒಂದೇ ಮಾತು: "ತಮಾ, ಎಂಟು ವರ್ಷದ ಅಡಿಕೆ ಲೆಕ್ಕ ಇದ್ದು ಅದ್ರಲ್ಲಿ. ಒಂದ್ ಸಾಲೂ ಹೋಪ್ಲಾಗ."

ಹಾಗಾಗಿ ಮೊದಲು ಲೆಕ್ಕದ ಫೈಲು, ಫೋಟೊ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಅಲ್ಲಿಂದಲೇ ನಾಲ್ಕಾರು ಫೈಲು ತೆರೆದು ನೋಡಿದೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಿಂಟ್‌ನ ಫೈಲು ಮೂರು ಜಿಬಿ ಹತ್ತಿರ, ನಮ್ಮಲ್ಲಿನ ನೆಟ್ಟಿಗೆ ಅದು ಭಾರ. ಪೇಟೆಯಲ್ಲಿ ಅಕ್ಕನ ಮನೆಯಲ್ಲಿ ಇಳಿಸಿಕೊಂಡು, ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ತಯಾರಿಸುವ ತಂತ್ರಾಂಶ ರೂಫಸ್‌ನಿಂದ ಪೆನ್‌ಡ್ರೈವಿಗೆ ಹಾಕಿದೆ.

ನಿಜವಾದ ಕೆಲಸ ಇದ್ದದ್ದು ಜಾಗ ಬಿಡಿಸುವುದರಲ್ಲಿ. ಸಿ ಡ್ರೈವಿನಲ್ಲಿ ಇನ್ನೂರೈವತ್ತು ಜಿಬಿಗೂ ಹೆಚ್ಚು ಖಾಲಿ ಇತ್ತು. ಆದರೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 'ಶ್ರಿಂಕ್ ವಾಲ್ಯೂಮ್' ಒತ್ತಿದರೆ ಬಿಡಲು ಒಪ್ಪಿದ್ದು 11 ಜಿಬಿ ಮಾತ್ರ. ಕಾರಣ ಇಷ್ಟು: ಪೇಜ್‌ಫೈಲ್, ಹೈಬರ್ನೇಶನ್ ಫೈಲ್, ರಿಸ್ಟೋರ್ ಪಾಯಿಂಟುಗಳು ಡಿಸ್ಕಿನ ನಡುವೆಲ್ಲೋ ಕೂತಿರುತ್ತವೆ, ಅವನ್ನು ವಿಂಡೋಸ್ ಜರುಗಿಸುವುದಿಲ್ಲ. ಗದ್ದೆ ನಡುವಿನ ಬಂಡೆಯಂತೆ. ಅದರೀಚೆ ಎಷ್ಟು ಬಯಲಿದ್ದರೂ ಬೇಲಿಯನ್ನು ಬಂಡೆ ದಾಟಿಸಿ ಈಚೆ ತರಲಾಗದು. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ 'ಪವರ್‌ಸಿಎಫ್‌ಜಿ /ಎಚ್ ಆಫ್' ಕೊಟ್ಟು, ಪೇಜ್‌ಫೈಲ್ ಮತ್ತು ಸಿಸ್ಟಂ ಪ್ರೊಟೆಕ್ಷನ್ ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿದ ಮೇಲೆ 100 ಜಿಬಿ ಸಲೀಸಾಗಿ ಬಿಟ್ಟುಕೊಟ್ಟಿತು. ಆಮೇಲೆ ಪೇಜ್‌ಫೈಲ್ ಮರಳಿ ಹಾಕಿದೆ.

ಆ ಪವರ್‌ಸಿಎಫ್‌ಜಿ ಆಜ್ಞೆಯನ್ನು ಮಾತ್ರ ಹಿಂದೆಗೆಯಲಿಲ್ಲ, ಅದರಿಂದ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆಗಣ್ಣಿನಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ವಿಂಡೋಸಿನ ಡ್ರೈವನ್ನು ಓದಲಷ್ಟೇ ತೆರೆಯುತ್ತದೆ. ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಇದನ್ನು ಬಿಟ್ಟಿದ್ದೆ. ಫೈಲು ಕಾಣುತ್ತಿತ್ತು, ಉಳಿಸಲು ಬರುತ್ತಿರಲಿಲ್ಲ, ಅರ್ಧ ದಿನ ಅಲ್ಲೇ ಹೋಯಿತು. ಹೊಸ ಲ್ಯಾಪ್‌ಟಾಪ್ ಇದ್ದವರು ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಕೀಲಿಯನ್ನೂ ಮೊದಲೇ ಬರೆದಿಟ್ಟುಕೊಳ್ಳಿ.

ದೀಪಾವಳಿ ಕಳೆದ ವಾರವೂ ಸಂಜೆ ಗುಡುಗು, ಮಳೆ. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಡಿಸ್ಕಿನ ಭಾಗಗಳು, ಅಂದರೆ ಪಾರ್ಟಿಶನ್, ಬದಲಾಗುವಾಗ ಕರೆಂಟು ಹೋದರೆ ಎಲ್ಲವೂ ಹೋದಂತೆ. ಆದ್ದರಿಂದ ಇನ್ವರ್ಟರು ಪೂರ್ತಿ ಚಾರ್ಜಾಗುವವರೆಗೆ ಕಾದು ಬೆಳಗ್ಗೆಯೇ ಕೂತೆ.

ಇನ್‌ಸ್ಟಾಲರಿನಲ್ಲಿ 'ಸಮ್‌ಥಿಂಗ್ ಎಲ್ಸ್' ಆರಿಸಿ ಖಾಲಿ ಜಾಗವನ್ನು ಕೈಯಾರೆ ತೋರಿಸಿದೆ. ಕಂಪ್ಯೂಟರು ಏಳಲು ಬೇಕಾದ ಫೈಲುಗಳಿರುವ, ಈಗಾಗಲೇ ಇರುವ ಇಎಫ್ಐ ಪಾರ್ಟಿಶನ್ನನ್ನೇ ಬಳಸಿ, ಫಾರ್ಮ್ಯಾಟ್ ಮಾತ್ರ ಮಾಡಬೇಡಿ. ವಿಂಡೋಸ್ ಏಳುವುದೂ ಅದರಿಂದಲೇ. ಉಳಿದದ್ದು ಅರ್ಧ ಗಂಟೆಯ ಕೆಲಸ. ವೈಫೈ ಡಾಂಗಲ್ ಮೊದಲಿಗೆ ಹಿಡಿಯಲಿಲ್ಲ, ಮೊಬೈಲಿನಿಂದ ಯುಎಸ್‌ಬಿ ಟೆದರಿಂಗ್ ಮಾಡಿ ಡ್ರೈವರ್ ಇಳಿಸಿದೆ.

ಮರಳಿ ಆನ್ ಮಾಡಿದರೆ ನೇರ ವಿಂಡೋಸ್! ಬಯೋಸಿನ ಬೂಟ್ ಪಟ್ಟಿಯಲ್ಲಿ 'ಉಬುಂಟು' ಎಂಬ ಹೆಸರನ್ನು ಮೇಲಕ್ಕೆ ತಂದ ಮೇಲೆ ಎರಡರಲ್ಲಿ ಯಾವುದು ಬೇಕೆಂದು ಕೇಳುವ ಗ್ರಬ್ ಮೆನು ಬಂತು. ಮಿಂಟ್ ಅಲ್ಲಿ ಆ ಹೆಸರಿನಲ್ಲೇ ಇರುತ್ತದೆ, ಹುಡುಕಿ ಗಾಬರಿಯಾಗಬೇಡಿ.

ಮರುದಿನ ಅಪ್ಪ ವಿಂಡೋಸಿಗೆ ಹೋದಾಗ ಸಂಜೆ ನಾಲ್ಕಕ್ಕೆ ಗಡಿಯಾರ ಬೆಳಗಿನ ಹತ್ತೂವರೆ ತೋರಿಸುತ್ತಿತ್ತು. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಎಂದು ಓದುತ್ತದೆ, ವಿಂಡೋಸ್ ಊರಿನ ಸಮಯ ಎಂದು. ಅದೇ ನಮ್ಮ ಐದೂವರೆ ಗಂಟೆ. ಮಿಂಟ್‌ನ ಟರ್ಮಿನಲ್ಲಿನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಕೊಟ್ಟ ಮೇಲೆ ಸರಿಹೋಯಿತು.

ಹಳೆಯ ನುಡಿ ಫೈಲುಗಳು ಯುನಿಕೋಡ್ (ಎಲ್ಲ ಯಂತ್ರಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲ. ಮಿಂಟ್‌ನಲ್ಲಿ ಅವು ಬರೀ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡವು, ನುಡಿ ಫಾಂಟುಗಳನ್ನು ನಕಲು ಮಾಡಿದ ಮೇಲೆ ಓದಲು ಬಂದವು. ಕೀಬೋರ್ಡ್ ಪಟ್ಟಿಯಲ್ಲಿ ನುಡಿಯಲ್ಲಿನ ಕಗಪ ಕೀಲಿ ವಿನ್ಯಾಸವೂ ಇರುವುದರಿಂದ ಅಪ್ಪನ ಬೆರಳಿಗೆ ಹೊಸದಾಗಿ ಹೆಚ್ಚೇನೂ ಕಲಿಯಬೇಕಾಗಲಿಲ್ಲ. ಈ ಕೊಯ್ಲಿನ ಲೆಕ್ಕವನ್ನು ಅವರು ಲಿಬ್ರೆ ಆಫೀಸಿನಲ್ಲಿ ಯುನಿಕೋಡಿನಲ್ಲೇ ಬರೆಯುತ್ತಿದ್ದಾರೆ.