ಸಂಬಳ ಹೆಚ್ಚೆಂದು ಅರ್ಜಿ ಹಾಕದೆ ಕೂರಬೇಡಿ

ಅಮೆರಿಕಕ್ಕೆ ಬಂದ ನಮ್ಮವರು ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಹೆಸರು ಕೇಳಿದೊಡನೆ ‘ಅದು ಬಡವರಿಗೆ, ನಮಗೆ ಸಿಗುವುದಿಲ್ಲ’ ಎಂದು ಕೈಬಿಡುತ್ತಾರೆ. ಸಾಮಾನ್ಯ ಮೆಡಿಕೇಡ್‌ನ ಮಟ್ಟಿಗೆ ಇದು ಸರಿ. ಆದರೆ ತೀವ್ರ ಅಂಗವೈಕಲ್ಯವಿದ್ದು ಮನೆಯಲ್ಲೇ ಬೆಳೆಯುತ್ತಿರುವ ಮಗುವಿಗೆ ಅಪ್ಪ ಅಮ್ಮನ ಸಂಬಳವನ್ನು ಲೆಕ್ಕಕ್ಕೇ ಹಿಡಿಯದ ದಾರಿಯೊಂದಿದೆ. ಅದಕ್ಕೆ ಕೇಟೀ ಬೆಕೆಟ್ ಹೆಸರೇ ನಿಂತಿದೆ. ಅಯೋವಾ ರಾಜ್ಯದ ಈ ಹಸುಳೆಗೆ ಮಿದುಳಿನ ಉರಿಯೂತವಾಗಿ ವೆಂಟಿಲೇಟರ್ ಬೇಕಾಯಿತು. ಆಸ್ಪತ್ರೆಯಲ್ಲೇ ಮಲಗಿದ್ದರೆ ಸರ್ಕಾರ ಖರ್ಚು ಕೊಡುತ್ತಿತ್ತು. ಅದಕ್ಕಿಂತ ಕಡಿಮೆಯಲ್ಲಿ ಮನೆಯಲ್ಲಿ ನೋಡಿಕೊಳ್ಳುತ್ತೇವೆ ಎಂದರೆ ಕೊಡುತ್ತಿರಲಿಲ್ಲ. 1981ರಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲೇ ಈ ವಿಚಾರ ಎತ್ತಿದರು. 1982ರ ಟೆಫ್ರಾ ಕಾಯ್ದೆ, ಇಂಥ ಮಕ್ಕಳಿಗೆ ಮೆಡಿಕೇಡ್ ಕೊಡುವ ಆಯ್ಕೆಯನ್ನು ರಾಜ್ಯಗಳಿಗೆ ಬಿಟ್ಟಿತು.

ಆಯ್ಕೆ ಎಂದ ಮೇಲೆ ರಾಜ್ಯಕ್ಕೊಂದು ನಿಯಮ. ಜಾರ್ಜಿಯಾ, ಮಿನ್ನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ ನೇರ ಅರ್ಜಿ. ಕ್ಯಾಲಿಫೋರ್ನಿಯಾದಲ್ಲಿ ಬೆಳವಣಿಗೆಯ ತೊಂದರೆ ಇರುವವರಿಗೆ ಸೇವೆ ಕೊಡಿಸುವ ರೀಜನಲ್ ಸೆಂಟರ್ ಮೂಲಕ ‘ವೇವರ್’, ಅಂದರೆ ಮೆಡಿಕೇಡ್ ನಿಯಮಗಳಲ್ಲಿ ವಿನಾಯಿತಿ ಕೊಡುವ ಯೋಜನೆ, ಹಿಡಿಯಬೇಕು. ಟೆಕ್ಸಾಸ್‌ನಲ್ಲೂ ವೇವರ್‌ಗಳೇ ಗತಿ, ಪಟ್ಟಿಯಲ್ಲಿ ಹೆಸರು ಮೇಲೆ ಬರಲು ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಮನೆಗೆ ಸಾಮಾನು ಇಳಿಸಿದ ವಾರವೇ ಹೆಸರು ಬರೆಸಿ. ಜನನ ಪ್ರಮಾಣಪತ್ರ, ವೈದ್ಯರ ವರದಿ, ಶಾಲೆಯ ಐಇಪಿ (ಮಗುವಿಗೆಂದೇ ಬರೆದ ಕಲಿಕಾ ಯೋಜನೆ) ಇವನ್ನೆಲ್ಲ ಒಂದು ಫೈಲಿಗೆ ಹಾಕಿಟ್ಟರೆ ಕಾಗದದ ಕೆಲಸ ಮುಗಿಯಿತು.

ಕಷ್ಟವಿರುವುದು ಕಾಗದದಲ್ಲಲ್ಲ, ನಮ್ಮ ಬಾಯಲ್ಲಿ. ಮಗುವಿಗೆ ಆಸ್ಪತ್ರೆ ಅಥವಾ ಆರೈಕೆ ಕೇಂದ್ರದಲ್ಲಿ ಸಿಗುವಷ್ಟು ಆರೈಕೆ ಬೇಕೇ ಎಂದು ತೂಗಿ ನೋಡುವುದೇ ಈ ಅರ್ಜಿಯ ಜೀವಾಳ. ಅದಕ್ಕಾಗಿ ನರ್ಸ್ ಒಬ್ಬರು ಮನೆಗೆ ಬರಬಹುದು ಅಥವಾ ಫೋನಿನಲ್ಲಿ ಮಾತಾಡಬಹುದು. ಬಟ್ಟೆ ತಾನೇ ಹಾಕಿಕೊಳ್ಳುತ್ತಾನೆಯೇ ಎಂದು ಕೇಳಿದರೆ ನಮ್ಮ ತಾಯಂದಿರು ‘ಹೂಂ, ಹಾಕಿಕೊಳ್ಳುತ್ತಾನೆ’ ಎಂದುಬಿಡುತ್ತಾರೆ. ಅವನನ್ನು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು, ಬಿಗಿದುಕೊಂಡ ಕೈಯನ್ನು ನಿಧಾನವಾಗಿ ಸಡಿಲಿಸಿ ತೋಳಿಗೆ ತೂರಿಸಿ, ಗುಂಡಿಯನ್ನೂ ತಾವೇ ಹಾಕುತ್ತಾರೆ. ಕೊನೆಯಲ್ಲಿ ಅವನು ಅಂಗಿಯ ಅಂಚನ್ನು ಒಮ್ಮೆ ಕೆಳಗೆಳೆದುಕೊಳ್ಳುತ್ತಾನೆ. ಅಷ್ಟಕ್ಕೇ ‘ಹಾಕಿಕೊಳ್ಳುತ್ತಾನೆ’! ಬಂದವರ ಮುಂದೆ ಮಗುವಿನ ಕೊರತೆ ಹೇಳಬಾರದು, ದೃಷ್ಟಿಯಾಗುತ್ತದೆ, ಮನೆಯ ಮಾತು ಬೀದಿಗೆ ಬರಬಾರದು ಎಂದು ಬೆಳೆದವರು ನಾವು. ಊರಿನಲ್ಲಿ ಅದು ನಡೆಯುತ್ತಿತ್ತು, ಏಕೆಂದರೆ ಅಜ್ಜಿ, ಚಿಕ್ಕಮ್ಮ, ಅತ್ತೆ ಯಾರಾದರೊಬ್ಬರು ಹೇಳಿಸಿಕೊಳ್ಳದೆಯೇ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಇಲ್ಲಿ ಬಾಯಿಬಿಟ್ಟು ಹೇಳದ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ‘ಸಹಾಯ ಬೇಕು’ ಎಂದು ತೇಲಿಸಬೇಡಿ. ಉಣ್ಣಿಸಲು ಎಷ್ಟು ನಿಮಿಷ, ರಾತ್ರಿ ಎಷ್ಟು ಸಲ ಎದ್ದು ಮಗ್ಗುಲು ಹೊರಳಿಸುತ್ತೀರಿ, ಫಿಟ್ಸ್ ಬಂದಾಗ ಏನು ಮಾಡುತ್ತೀರಿ ಎಂದು ಬರೆಯಿರಿ. ಒಳ್ಳೆಯ ದಿನದ ಮಗುವನ್ನಷ್ಟೇ ತೋರಿಸಿದರೆ ಅರ್ಜಿ ಬಿದ್ದುಹೋಗುತ್ತದೆ. ಅಮ್ಮನ ಪರವಾಗಿ ಇಂಗ್ಲಿಷ್ ಮಾತಾಡಲು ದೊಡ್ಡ ಮಗಳನ್ನು ಕೂರಿಸಬೇಡಿ. ದುಭಾಷಿಯನ್ನು ಕೇಳಿ, ಅದಕ್ಕೆ ಹಣ ಕೊಡಬೇಕಿಲ್ಲ. ತಮ್ಮನಿಗೆ ಏನೇನು ಬಾರದು ಎಂಬ ಪಟ್ಟಿಯನ್ನು ಅಕ್ಕನ ಬಾಯಿಂದ ಹೇಳಿಸುವುದು ನನಗಂತೂ ಸರಿಕಾಣುವುದಿಲ್ಲ. ಅವಳ ಬಾಲ್ಯ ಈಗಾಗಲೇ ಸಾಕಷ್ಟು ಸವೆದಿರುತ್ತದೆ.

ಇನ್ನು ಅಜ್ಜ ತಾತಂದಿರ ಅಕ್ಕರೆ. ನಿಮ್ಮ ಸಂಬಳ ಲೆಕ್ಕಕ್ಕಿಲ್ಲದಿದ್ದರೂ ಮಗುವಿನ ಹೆಸರಿನಲ್ಲಿರುವ ಹಣಕ್ಕೆ ಲೆಕ್ಕವಿದೆ. ಅನೇಕ ರಾಜ್ಯಗಳಲ್ಲಿ ಮಿತಿ 2,000 ಡಾಲರ್. ಹುಟ್ಟುಹಬ್ಬಕ್ಕೆಂದು ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಟ್ಟರೆ ಅದೇ ಮುಳುವಾಗಬಹುದು. 2014ರ ಕಾಯ್ದೆಯಿಂದ ಬಂದ ‘ಏಬಲ್’ ಎಂಬ ಅಂಗವಿಕಲರ ಉಳಿತಾಯ ಖಾತೆ ಇರುವುದು ಇದಕ್ಕಾಗಿಯೇ, ಅದರಲ್ಲಿರುವ ಹಣ ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಉಡುಗೊರೆಯ ಹಣ ಅಲ್ಲಿಗೆ ಹೋಗಲಿ.

ಕಚೇರಿಯ ವಿಮೆಯನ್ನು ಬಿಡಬೇಡಿ. ಮೊದಲು ಅದು ಕೊಡುತ್ತದೆ, ಉಳಿದದ್ದಕ್ಕೆ ಮೆಡಿಕೇಡ್. 21 ತುಂಬುವವರೆಗೆ ವೈದ್ಯಕೀಯವಾಗಿ ಅಗತ್ಯವೆನಿಸಿದ ಥೆರಪಿ, ಉಪಕರಣ, ಮನೆಗೆ ಬರುವ ನರ್ಸಿಂಗ್ ಇವನ್ನು ಮೆಡಿಕೇಡ್ ಕೊಡಲೇಬೇಕು. ಇಲ್ಲೇ ಹುಟ್ಟಿದ ಮಗು ಇಲ್ಲಿಯ ಪ್ರಜೆ, ನಿಮ್ಮ ವೀಸಾದಿಂದ ಅದರ ಅರ್ಹತೆಗೆ ಅಡ್ಡಿಯಿಲ್ಲ. ಊರಿನಲ್ಲಿ ಹುಟ್ಟಿ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಬಂದ ಮಗುವಾದರೆ ರಾಜ್ಯದ ನಿಯಮ ನೋಡಬೇಕು. ಸರ್ಕಾರದ ನೆರವು ಪಡೆದರೆ ಗ್ರೀನ್ ಕಾರ್ಡ್ ಕೈತಪ್ಪೀತೆಂಬ ಭಯವಿದ್ದರೆ ವಲಸೆ ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.

ತಿರಸ್ಕಾರದ ಪತ್ರ ಬಂದರೆ ‘ಸರ್ಕಾರವೇ ಇಲ್ಲವೆಂದ ಮೇಲೆ ಮುಗಿಯಿತು’ ಎಂದು ಮಡಚಿಡಬೇಡಿ. ಮೇಲ್ಮನವಿಯ ಗಡುವು ಅದರಲ್ಲೇ ಇರುತ್ತದೆ. ಇದ್ದ ಸೌಲಭ್ಯವನ್ನು ನಿಲ್ಲಿಸುವ ಪತ್ರವಾದರೆ, ನಿಲ್ಲುವ ದಿನಾಂಕಕ್ಕೆ ಮುಂಚೆಯೇ ಮೇಲ್ಮನವಿ ಹಾಕಿ. ವಿಚಾರಣೆ ಮುಗಿಯುವವರೆಗೆ ಸೌಲಭ್ಯ ಮುಂದುವರಿಸುವಂತೆ ಅದರಲ್ಲೇ ಕೇಳಿ.

ಮತ್ತೊಂದು ರಾಜ್ಯದಲ್ಲಿ ಹೆಚ್ಚು ಸಂಬಳದ ಕೆಲಸ ಸಿಕ್ಕಿತೆಂದು ಕುಣಿಯುವ ಮೊದಲು ಅಲ್ಲಿ ಈ ದಾರಿ ಇದೆಯೇ, ಪಟ್ಟಿ ಎಷ್ಟುದ್ದವಿದೆ ಎಂದು ವಿಚಾರಿಸಿ. ಮೆಡಿಕೇಡ್ ರಾಜ್ಯದ ಗಡಿ ದಾಟುವುದಿಲ್ಲ. ಅಲ್ಲಿ ಮೊದಲ ಪುಟದಿಂದ ಮತ್ತೆ ಶುರು ಮಾಡಬೇಕು.