ನಮ್ಮ ಮಗಳಿಗೆ ನೆಫೇಲಿ ಅಂತ ಹೆಸರಿಟ್ಟ ಕಥೆ

ನನ್ನ ಗಂಡನ ಊರು ವೋಲೋಸ್. ಗ್ರೀಸ್‌ನ ಥೆಸ್ಸಲಿ ಸೀಮೆಯ ಬಂದರು ಪಟ್ಟಣ. ಮುಂದೆ ಸಮುದ್ರ, ಬೆನ್ನಿಗೆ ಪೀಲಿಯೋನ್ ಬೆಟ್ಟ. ಜೇಸನ್ ಮತ್ತು ಅವನ ಸಂಗಡಿಗರು ಚಿನ್ನದ ಉಣ್ಣೆ ತರಲು ಹಡಗು ಹತ್ತಿದ್ದು ಇಲ್ಲಿಂದಲೇ ಅಂತ ಪುರಾಣ ಹೇಳುತ್ತದೆ. ನಾನು ಅರಸೀಕೆರೆ ಕಡೆಯವಳು. ಹುಟ್ಟುವುದು ಹೆಣ್ಣು ಅಂತ ಸ್ಕ್ಯಾನ್‌ನಲ್ಲಿ ಗೊತ್ತಾದ ದಿನವೇ ನಮ್ಮ ಮನೆಯಲ್ಲಿ ಹೆಸರಿನ ಮಾತು ಶುರುವಾಯಿತು.

ಇಲ್ಲಿನ ರೂಢಿಯಲ್ಲಿ ಮೊಮ್ಮಗಳಿಗೆ ಅಜ್ಜಿಯ ಹೆಸರು ಇಡುತ್ತಾರೆ. ಸಾಮಾನ್ಯವಾಗಿ ಅಪ್ಪನ ತಾಯಿಯದು ಮೊದಲು. ನಮ್ಮ ಅತ್ತೆಯ ಹೆಸರನ್ನು ಭಾವನ ಮಗಳಿಗೆ ಆಗಲೇ ಇಟ್ಟಾಗಿತ್ತು. ಹಾಗಾಗಿ ನಮಗೆ ಬಿಡುವು ಸಿಕ್ಕಿತು. ಗಂಡ ಪುರಾಣದಿಂದ ಆರಿಸೋಣ ಎಂದರು. ನನಗೂ ಅದು ಹಿಡಿಸಿತು. ಸಂತರ ಹೆಸರಿಟ್ಟರೆ ನನ್ನ ಅಪ್ಪ ಅಮ್ಮನಿಗೆ ಅದರ ಜೊತೆ ಏನೂ ನಂಟಿರುವುದಿಲ್ಲ. ಕಥೆ ಇರುವ ಹೆಸರಾದರೆ ಕಥೆ ಹೇಳಬಹುದು ಅಲ್ವಾ?

ಪಟ್ಟಿ ಮಾಡುವುದು ಸುಲಭವಿತ್ತು. ಅದರಿಂದ ಹೊಡೆದುಹಾಕುವುದರಲ್ಲೇ ತಿಂಗಳುಗಳು ಹೋದವು. ಪ್ರತಿ ಹೆಸರನ್ನೂ ಮೊದಲು ನಾನು ಕನ್ನಡದಲ್ಲಿ ಗಟ್ಟಿಯಾಗಿ ಕೂಗಿ ನೋಡುತ್ತಿದ್ದೆ. ಊಟಕ್ಕೆ ಕರೆಯುವ ಹಾಗೆ, ಬೀದಿಯ ಆ ತುದಿಯಿಂದ ಕರೆಯುವ ಹಾಗೆ. ಕಲ್ಲಿಯೋಪಿ ಕಾವ್ಯದ ದೇವತೆ, ಎಷ್ಟು ಒಳ್ಳೆಯ ಹೆಸರು! ಆದರೆ ಚಿಕ್ಕದಾಗಿ 'ಕಲ್ಲಿ' ಅಂದರೆ ನಮ್ಮ ಕಡೆ ಕಳ್ಳಿ ಅಂತಲೇ ಕೇಳುತ್ತದೆ. ದನಾಯಿ ಇಲ್ಲಿ ತುಂಬ ಜನ ಇಡುವ ಹೆಸರು. ನಮ್ಮೂರಲ್ಲಿ ಮೊದಲೆರಡು ಅಕ್ಷರಕ್ಕೇ ಕೊಟ್ಟಿಗೆ ನೆನಪಾಗುತ್ತದೆ. ಅಲ್ಕಿಯೋನಿ ಬಿಡುವಾಗ ನಿಜಕ್ಕೂ ಹೊಟ್ಟೆ ಉರಿಯಿತು. ಅವಳು ಮಿಂಚುಳ್ಳಿಯಾದವಳು. ಚಳಿಗಾಲದ ನಡುವೆ ಸಮುದ್ರ ಶಾಂತವಾಗುವ ದಿನಗಳಿಗೆ ಗ್ರೀಕರು ಇವತ್ತಿಗೂ ಅವಳ ಹೆಸರನ್ನೇ ಹೇಳುತ್ತಾರೆ. ಆದರೆ ಕೊನೆಯ ಎರಡು ಅಕ್ಷರವನ್ನು ಕನ್ನಡದಲ್ಲಿ ಓದಿಕೊಳ್ಳಿ. ರಜೆಗೆ ಊರಿಗೆ ಹೋದಾಗ ಆ ಹೆಸರಿನಿಂದ ನನ್ನ ಮಗಳು ಒಂದು ದಿನವೂ ತಲೆ ತಗ್ಗಿಸಬಾರದು ಅನಿಸಿತು.

ಆಮೇಲೆ ಕಥೆಗಳನ್ನು ಪೂರ್ತಿ ಓದತೊಡಗಿದೆ. ಆಗ ನನಗೆ ಬೇಸರ ಜಾಸ್ತಿಯಾಯಿತು. ದಾಫ್ನಿ, ಅಪೊಲೊ ದೇವರು ಅಟ್ಟಿಸಿಕೊಂಡು ಬಂದಾಗ ತಪ್ಪಿಸಿಕೊಳ್ಳಲು ಮರವಾದವಳು. ಪರ್ಸೆಫೋನಿ ಹೂ ಕೀಳುತ್ತಿದ್ದಾಗ ಪಾತಾಳಕ್ಕೆ ಅಪಹರಣವಾದವಳು. ಅರಿಯಾದ್ನಿ ದಾರಿ ತಪ್ಪಿಸುವ ಸುತ್ತುಹಾದಿಯ ಕಟ್ಟಡದಿಂದ ಹೊರಬರಲು ದಾರ ಕೊಟ್ಟು ಥೀಸಿಯಸ್ ಎಂಬ ವೀರನನ್ನು ಉಳಿಸಿದಳು. ಅವನು ಅವಳನ್ನು ನಕ್ಸೋಸ್ ದ್ವೀಪದಲ್ಲಿ ಬಿಟ್ಟು ಹೋದ. ಹೆಸರು ಚೆನ್ನಾಗಿದೆ ಅಂತ ಸುಮ್ನೆ ಇಟ್ಟುಬಿಡಬಹುದಿತ್ತು. ಆದರೆ ಹತ್ತು ವರ್ಷದ ಮಗಳು ಒಂದು ದಿನ ಬಂದು 'ಅಮ್ಮ, ನನ್ನ ಹೆಸರಿನವಳು ಏನು ಮಾಡಿದಳು?' ಅಂತ ಕೇಳಿದರೆ 'ಓಡಿದಳು' ಅಂತ ಹೇಳಲು ನನಗೆ ಮನಸ್ಸಿರಲಿಲ್ಲ.

ನೆಫೇಲಿ ಸಿಕ್ಕಿದ್ದು ಪುಸ್ತಕದಲ್ಲಲ್ಲ. ಆರನೇ ತಿಂಗಳಲ್ಲಿ ಒಂದು ಸಂಜೆ ಬಂದರಿನ ದಂಡೆಯಲ್ಲಿ ನಡೆಯುತ್ತಿದ್ದೆವು. ಪೀಲಿಯೋನ್ ಮೇಲೆ ಮೋಡ ಕೂತಿತ್ತು. ಗಂಡ ಅದನ್ನು ತೋರಿಸಿ 'ಸಿನೆಫೊ' ಎಂದರು. ಮೋಡಕ್ಕೆ ಇಲ್ಲಿನವರು ದಿನಾ ಆಡುವ ಮಾತು ಅದು. ನೂರು ಸಲ ಕೇಳಿದ್ದೆ. ಅವತ್ತು ಯಾಕೋ ಅದರೊಳಗಿನ 'ನೆಫೊ' ಬೇರೆಯಾಗಿ ಕೇಳಿತು. ಹಳೆಯ ಗ್ರೀಕ್‌ನ ನೆಫೋಸ್, ನಮ್ಮ ಸಂಸ್ಕೃತದ ನಭಸ್ ಎರಡೂ ಒಂದೇ ಬೇರಿನವು. ನಭ ಅಂದರೆ ಈಗ ನಮಗೆ ಆಕಾಶ. ಹಿಂದೆ ಅದಕ್ಕೆ ಮೋಡ, ಮಂಜು ಅನ್ನುವ ಅರ್ಥವೂ ಇತ್ತು. ದಂಡೆಯಲ್ಲೇ ನಿಂತು ಇದನ್ನು ಹೇಳಿದೆ. 'ಹಾಗಾದರೆ ನೆಫೇಲಿ' ಎಂದರು ಅವರು.

ನೆಫೇಲಿ ಮೋಡದ ಹೆಣ್ಣು. ಬಿಯೋಟಿಯಾದ ರಾಜ ಅಥಮಾಸ್‌ನ ಮೊದಲ ಹೆಂಡತಿ. ಅವಳಿಗೆ ಇಬ್ಬರು ಮಕ್ಕಳು, ಫ್ರಿಕ್ಸೋಸ್ ಮತ್ತು ಹೆಲ್ಲಿ. ರಾಜ ಆಮೇಲೆ ಇನೋ ಎಂಬುವಳನ್ನು ಮದುವೆಯಾದ. ಅವಳಿಗೆ ಈ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ. ಊರ ಹೆಂಗಸರಿಗೆ ಹೇಳಿ ಬಿತ್ತನೆಯ ಬೀಜವನ್ನು ಗುಟ್ಟಾಗಿ ಹುರಿಸಿಬಿಟ್ಟಳು. ಬೆಳೆ ಬರಲಿಲ್ಲ. ಏನು ಮಾಡಬೇಕು ಅಂತ ಕೇಳಲು ರಾಜ, ದೈವವಾಣಿ ಹೇಳುವ ಡೆಲ್ಫಿಯ ಗುಡಿಗೆ ಆಳುಗಳನ್ನು ಕಳಿಸಿದ. ಇನೋ ಅವರನ್ನೂ ತನ್ನ ಕಡೆ ಮಾಡಿಕೊಂಡು 'ಫ್ರಿಕ್ಸೋಸ್‌ನನ್ನು ಬಲಿ ಕೊಡಬೇಕಂತೆ' ಅಂತ ಹೇಳಿಸಿದಳು.

ಬಾಣಂತನಕ್ಕೆ ವೋಲೋಸ್‌ಗೆ ಬಂದಿದ್ದ ಅಮ್ಮನಿಗೆ ನಾನು ಈ ಕಥೆ ಹೇಳುತ್ತಿದ್ದೆ. ಅಮ್ಮ ಕೊತ್ತಂಬರಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. 'ಬಿತ್ತೋ ಬೀಜ ಹುರಿಯೋದಾ? ಎಂಥಾ ಹೆಂಗಸು!' ರಾಗಿ ಬೆಳೆಯುವ ಮನೆಯವರು ನಾವು. ಬೀಜದ ರಾಗಿಯನ್ನು ಬೇರೆ ಡಬ್ಬದಲ್ಲಿ ಮುಚ್ಚಿಟ್ಟು, ಎಷ್ಟೇ ಕಷ್ಟ ಬಂದರೂ ಮುಟ್ಟದವರು. ಮಗುವನ್ನು ಬಲಿ ಕೊಡುವ ಮಾತಿಗಿಂತ ಮೊದಲು ಅಮ್ಮನಿಗೆ ತಟ್ಟಿದ್ದು ಆ ಬೀಜ. ಈ ಕಥೆ ನಮ್ಮ ಮನೆಯಲ್ಲಿ ನಿಲ್ಲುತ್ತದೆ ಅಂತ ನನಗೆ ಖಾತ್ರಿಯಾದದ್ದು ಆಗಲೇ.

ಬಲಿಯ ಹೊತ್ತಿಗೆ ಸರಿಯಾಗಿ ನೆಫೇಲಿ ಚಿನ್ನದ ಉಣ್ಣೆಯ ಟಗರನ್ನು ಕಳಿಸಿದಳು. ಅದು ಇಬ್ಬರು ಮಕ್ಕಳನ್ನೂ ಬೆನ್ನ ಮೇಲೆ ಹೊತ್ತು ಹಾರಿತು. ಮೇಷ ರಾಶಿಯಲ್ಲಿ ಗ್ರೀಕರು ಕಾಣುವ ಟಗರು ಇದೇ. ಇದು ಗೊತ್ತಾದ ಮೇಲೆ ಅಮ್ಮನಿಗೆ ನೆಫೇಲಿ ದೂರದವಳು ಅನಿಸಲೇ ಇಲ್ಲ.

ಆದರೆ ದಾರಿಯಲ್ಲಿ ಹೆಲ್ಲಿ ಜಾರಿ ಸಮುದ್ರಕ್ಕೆ ಬಿದ್ದಳು. ಇವತ್ತಿನ ಡಾರ್ಡನೆಲ್ಸ್ ಜಲಸಂಧಿಗೆ ಅವಳಿಂದಲೇ ಹೆಲ್ಲೆಸ್ಪಾಂಟ್ ಅಂತ ಹೆಸರು ಬಂತು. ಫ್ರಿಕ್ಸೋಸ್ ಮಾತ್ರ ಕೊಲ್ಕಿಸ್ ಮುಟ್ಟಿದ, ಅಂದರೆ ಈಗಿನ ಜಾರ್ಜಿಯಾ. ಗಂಡನಿಗೆ ಇದೇ ಅಡ್ಡ ಬಂತು. ಮಗಳನ್ನು ಕಳೆದುಕೊಂಡ ತಾಯಿಯ ಹೆಸರು ಬೇಕಾ ಅಂತ ಎರಡು ರಾತ್ರಿ ಯೋಚಿಸಿದರು. ನಾನೂ ಯೋಚಿಸಿದೆ. ಹೊಟ್ಟೆಯಲ್ಲಿ ಮಗು ಒದೆಯುತ್ತಿರುವಾಗ ಅಂಥ ಕಥೆಯನ್ನು ಹಗುರವಾಗಿ ಓದಲು ಆಗುವುದಿಲ್ಲ. ಕೊನೆಗೆ ಅಮ್ಮನ ಮಾತೇ ನಿಂತಿತು: 'ಬಿದ್ದಿದ್ದು ಅವಳ ಕೈಲಿ ಇರಲಿಲ್ಲ. ಟಗರು ಕಳಿಸೋದು ಅವಳ ಕೈಲಿತ್ತು, ಕಳಿಸಿದಳು.'

ನೆಫೇಲಿಯ ಬಗ್ಗೆ ಇನ್ನೊಂದು ಕಥೆಯೂ ಇದೆ. ದೇವರಾಜ ಜ್ಯೂಸ್‌ನ ಹೆಂಡತಿ ಹೀರಾಳ ಮೇಲೆ ಇಕ್ಸಿಯೋನ್ ಎಂಬ ರಾಜ ಕಣ್ಣು ಹಾಕಿದ. ಅವನನ್ನು ಪರೀಕ್ಷಿಸಲು ಜ್ಯೂಸ್ ಮೋಡದಿಂದ ಹೀರಾಳ ರೂಪದ ಹೆಣ್ಣನ್ನು ಮಾಡಿದ. ಅರ್ಧ ಕುದುರೆ, ಅರ್ಧ ಮನುಷ್ಯರಾದ ಸೆಂಟಾರ್‌ಗಳು ಆ ಮೋಡದ ಸಂತಾನ. ಅವರ ಕಾಡು ನಮ್ಮ ಮನೆ ಕಿಟಕಿಗೆ ಕಾಣುವ ಪೀಲಿಯೋನ್. ಮಗಳು ದೊಡ್ಡವಳಾದ ಮೇಲೆ ಇದನ್ನೂ ಹೇಳುತ್ತೇನೆ.

ಮಾರ್ಚ್‌ನಲ್ಲಿ ಮಗು ಹುಟ್ಟಿತು. ಹೊತ್ತು ತಿಳಿಸಿದೆವು. ಅಪ್ಪ ಅರಸೀಕೆರೆಯಲ್ಲಿ ಪಂಚಾಂಗ ನೋಡಿ ವಿಡಿಯೊ ಕಾಲ್ ಮಾಡಿದರು. ಅನುರಾಧಾ ನಕ್ಷತ್ರ, ನಾಲ್ಕನೇ ಪಾದ. 'ನ, ನಿ, ನು, ನೆ' ಅಂತ ಬೆರಳು ಮಡಿಸುತ್ತಾ ಹೋಗಿ ನಾಲ್ಕನೆಯದಕ್ಕೆ ನಿಂತರು. ನಾನು ಅತ್ತುಬಿಟ್ಟೆ. ಜನ್ಮಾಕ್ಷರ ಹೊಂದದಿದ್ದರೂ ಅದೇ ಹೆಸರು ಇಡುತ್ತಿದ್ದೆವು. ಆದರೂ ಅಪ್ಪನ ಮುಖದ ಆ ಖುಷಿ ನನಗೆ ಬೇಕಿತ್ತು.

ಅತ್ತೆ ಕೇಳಿದ್ದು ಒಂದೇ: ನಾಮದಿನ ಯಾವತ್ತು? ಇಲ್ಲಿ ಹೆಸರಿನ ಸಂತರ ಹಬ್ಬವನ್ನು ಹುಟ್ಟುಹಬ್ಬದ ಹಾಗೇ ಆಚರಿಸುತ್ತಾರೆ. ಸಂತರಿಲ್ಲದ ಹೆಸರಿನವರಿಗೆ, ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್ ಹಬ್ಬದ ಮುಂದಿನ ಭಾನುವಾರ, ಸರ್ವಸಂತರ ದಿನ. ಅತ್ತೆ ಅದನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡರು.

ಒಂದು ತೊಡಕು ಉಳಿದೇ ಇದೆ. ಫೋನಿನಲ್ಲಿ ಹೆಸರು ಕೇಳಿದ ನಮ್ಮೂರಿನವರು ಹೆಚ್ಚಿನಂಶ 'ನೇಪಾಳಿನಾ?' ಅನ್ನುತ್ತಾರೆ. ಅಮ್ಮನ ಬಾಯಲ್ಲೂ ಅದು ನೆಪೇಲಿ. ಆದ್ದರಿಂದ ಕರೆಯುವ ಹೆಸರು ನಭಾ ಅಂತ ಇಟ್ಟುಕೊಂಡೆವು. ನೀವೂ ಇಂಥ ಹೆಸರು ಹುಡುಕುತ್ತಿದ್ದರೆ ಮನೆಯ ಹಿರಿಯರ ಬಾಯಲ್ಲಿ ಹತ್ತು ಸಲ ಹೇಳಿಸಿ ಕೇಳಿ. ನಾನು ಅದನ್ನು ತಡವಾಗಿ ಮಾಡಿದೆ.

ಹನ್ನೊಂದನೇ ದಿನ ಮನೆಯಲ್ಲೇ ನಾಮಕರಣ. ಇಲ್ಲಿ ನಾಮಕರಣವಾಗುವ ತನಕ ಹೆಣ್ಣು ಮಗುವನ್ನು 'ಬೇಬಾ' ಅಂತಲೇ ಕರೆಯುತ್ತಾರೆ. ಅತ್ತೆ ಅವತ್ತು ಬೆಳಿಗ್ಗೆವರೆಗೂ ಹಾಗೇ ಕರೆದರು. ತಟ್ಟೆಯಲ್ಲಿ ಅಕ್ಕಿ ಹರಡಿ, ಅಮ್ಮ ತಮ್ಮ ಉಂಗುರ ಬಿಚ್ಚಿ ಗಂಡನ ಕೈಗೆ ಕೊಟ್ಟರು. ಅವರು ಮೊದಲು ತಮ್ಮ ಲಿಪಿಯಲ್ಲಿ ಬರೆದರು, ಆರು ಅಕ್ಷರ. ಅದರ ಕೆಳಗೆ, ಒಂದು ವಾರ ಕಾಗದದ ಮೇಲೆ ತಿದ್ದಿದ್ದ ಕನ್ನಡದಲ್ಲಿ ಮೂರು ಅಕ್ಷರ. ಫ ಬರೆಯುವಾಗ ಅಕ್ಕಿ ಸರಿದು ಗೆರೆ ಮುಚ್ಚಿಹೋಯಿತು. ಅಮ್ಮ ಅವರ ಕೈ ಹಿಡಿದು ಇನ್ನೊಮ್ಮೆ ಬರೆಸಿದರು.